ಬದಲಿ ತಂದವರಿಗೆ ರಜೆ

ಹಂಪಿಯಲ್ಲಿ ಕತ್ತಿ ಹಿಡಿದು ನಿಂತ ಕಲ್ಲಿನ ವೀರರ ಕತೆ ಹೇಳಲು ಗೈಡುಗಳಿದ್ದಾರೆ. ಅವರು ಬಿಸಿಲಲ್ಲಿ ಟೋಪಿ ಹಾಕಿಕೊಂಡು, ಸತ್ತವರು ಯಾರನ್ನು ಕೊಂದು ಸತ್ತರು ಎಂಬುದನ್ನು ಎರಡು ಮೂರು ಭಾಷೆಗಳಲ್ಲಿ ವಿವರಿಸುತ್ತಾರೆ. ಪಾಪಿನಾಯಕನಹಳ್ಳಿಯ ಸುಂಕಮ್ಮ ಮೊಣಕೈಯುದ್ದದ ಸ್ಟೀಲ್ ಸೌಟು ಹಿಡಿದು, ಯಾರನ್ನೂ ಕೊಲ್ಲದೆ, ಒಬ್ಬ ಆಫೀಸರನನ್ನು ನೆಲಕ್ಕೆ ಕೆಡವಿದ ಕತೆಗೆ ಮಾತ್ರ ಗೈಡ್ ಇಲ್ಲ. ಆದ್ದರಿಂದ ಇಲ್ಲಿ ಹೇಳಬೇಕಾಗಿದೆ.

ಸುಂಕಮ್ಮ ಗುಡ್ಡದಯ್ಯ ಮಿನರಲ್ಸ್ ಎಂಬ ಅದಿರು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡಿಗೆಯವಳು. ಕಾರ್ಖಾನೆ ಇರುವುದು ಸಂಡೂರು ಗುಡ್ಡಗಳ ಬುಡದಲ್ಲಿ. ಅಲ್ಲಿ ಕಲ್ಲು ಪುಡಿಯಾಗುವ ಕಡೆಯಿಂದ ಊಟಕ್ಕೆ ಬರುವವರು ತಲೆಯಿಂದ ಕಾಲಿನವರೆಗೆ ಕೆಂಪಗಿರುತ್ತಾರೆ, ಕಣ್ಣು ಹಲ್ಲು ಮಾತ್ರ ಬಿಳಿ. ಬೆಳಿಗ್ಗೆ ಅವರಿಗೆ ಒಗ್ಗರಣೆ ಮಂಡಕ್ಕಿ, ಮೇಲೊಂದು ಮಿರ್ಚಿ. ಮಧ್ಯಾಹ್ನ ರೊಟ್ಟಿ, ಪಲ್ಯ, ಅನ್ನ, ಸಾರು. ಐವತ್ತರ ಹತ್ತಿರದ ಸುಂಕಮ್ಮ ಗಿಡ್ಡ, ಗಟ್ಟಿ, ಮಾತು ಕಡಿಮೆ. ಹಗೆಯನ್ನು ಉಪ್ಪಿನಕಾಯಿಯ ಹಾಗೆ ಭರಣಿಯಲ್ಲಿ ಹಾಕಿ ಬಾಯಿ ಕಟ್ಟಿಡುವ ಹೆಣ್ಣು. ಅವಳ ಗಂಡ ತಾಯಪ್ಪ ಮದುವೆಯಾದ ಮರುದಿನದಿಂದಲೇ ಕೆಲಸಕ್ಕೆ ರಜೆ ಹಾಕಿದವನು, ಇನ್ನೂ ಮುರಿದಿರಲಿಲ್ಲ. ಹೀಗಾಗಿ ಮನೆಯ ರಜೆಯನ್ನೆಲ್ಲ ಅವನೇ ಅನುಭವಿಸುತ್ತಿದ್ದ, ಕೆಲಸವನ್ನೆಲ್ಲ ಇವಳು.

ಸುಂಕಮ್ಮ ಖಾಯಂ ನೌಕರಳು. ಸಂಬಳ ಕೊಟ್ಟು ಮನೆಯಲ್ಲಿ ಕೂರಿಸುವ ರಜೆ ಅವಳ ಹೆಸರಲ್ಲೂ ವರ್ಷ ವರ್ಷ ಹುಟ್ಟುತ್ತಿತ್ತು. ಆದರೆ ಅದನ್ನು ತೆಗೆದುಕೊಳ್ಳುವ ದಾರಿಯಲ್ಲಿ ವೀರೇಶ್ ಎಂಬ ವೆಲ್‌ಫೇರ್ ಆಫೀಸರ್ ಕುಳಿತಿದ್ದ. ಕಾರ್ಮಿಕರ ಯೋಗಕ್ಷೇಮ ನೋಡಿಕೊಳ್ಳುವುದು ಅವನ ಕೆಲಸ, ಅವನು ಅದನ್ನು ಏಸಿ ರೂಮಿನ ಗಾಜಿನಿಂದ ನೋಡಿಕೊಳ್ಳುತ್ತಿದ್ದ. ಅವನು ಬಂದ ಹೊಸತರಲ್ಲೇ ಬೋರ್ಡಿನ ಮೇಲೆ ಒಂದು ಆಜ್ಞೆ ಅಂಟಿತು. ರಜೆ ಬೇಕಾದವರು ತಮ್ಮ ಜಾಗಕ್ಕೆ ತಾವೇ ಬದಲಿ ಆಳು ತಂದು ಹಚ್ಚತಕ್ಕದ್ದು. ಬದಲಿ ಆಫೀಸರರ ಪರೀಕ್ಷೆಯಲ್ಲಿ ಪಾಸಾಗತಕ್ಕದ್ದು. ಒಮ್ಮೆ ಹಚ್ಚಿದ ಬದಲಿ ರಜೆ ಮುಗಿಯುವ ತನಕ ಬಿಡತಕ್ಕದ್ದಲ್ಲ, ಬಿಡಿಸತಕ್ಕದ್ದೂ ಅಲ್ಲ.

ಕೇಳಲು ಸಾಧುವಾದ ಆಜ್ಞೆ. ಆದರೆ ಬದಲಿ ಎಂಬುದು ಎರಡೂ ತುದಿಯಲ್ಲಿ ಕಚ್ಚುವ ಪ್ರಾಣಿ ಎಂದು ಕಾರ್ಖಾನೆಗೆ ಬೇಗನೆ ತಿಳಿಯಿತು. ಫೋರ್‌ಮನ್ ಕೊಟ್ರಯ್ಯ ತಂದ ಬದಲಿ ಮಧ್ಯಾಹ್ನವೇ ಕುಡಿದು ಅದಿರಿನ ರಾಶಿಯ ಮೇಲೆ ಮಲಗಿದ. ಬೈಗುಳ ತಿಂದವನು ಮಗಳ ಮದುವೆಯ ಚಪ್ಪರದಲ್ಲಿದ್ದ ಕೊಟ್ರಯ್ಯ, ಅದೂ ಫೋನಿನಲ್ಲಿ, ಅದೂ ಅಕ್ಕಿಕಾಳಿನ ಹೊತ್ತಿಗೆ. ಗೇಟಿನ ಯಲ್ಲೇಶನದು ತಿರುಗಿದ ಕತೆ. ತಿರುಪತಿಗೆ ಹೋಗುವಾಗ ಅವನು ಹೆಂಡತಿಯ ತಮ್ಮನನ್ನು ಗೇಟಿಗೆ ನಿಲ್ಲಿಸಿ ಹೋದ. ಆ ಪುಣ್ಯಾತ್ಮ ನಿದ್ದೆ ಮಾಡಲಿಲ್ಲ, ಬೀಡಿ ಸೇದಲಿಲ್ಲ, ಮ್ಯಾನೇಜರರ ಕಾರು ಕಂಡರೆ ಧೂಳೇಳುವ ಹಾಗೆ ಸಲ್ಯೂಟ್ ಹೊಡೆದ. ಯಲ್ಲೇಶ್ ಬೋಳು ತಲೆಯಲ್ಲಿ ಲಡ್ಡು ಹಿಡಿದುಕೊಂಡು ಬಂದಾಗ, ಅವನನ್ನು ಗೇಟಿನಲ್ಲಿ ತಡೆದು ಒಳಗೆ ಕೇಳಿ ಬರ್ತೀನಿ ನಿಲ್ಲು ಮಾವ ಎಂದವನು ಅದೇ ಹೆಂಡತಿಯ ತಮ್ಮ. ಗೇಟು ಬದಲಿಗೇ ಉಳಿಯಿತು, ಯಲ್ಲೇಶನಿಗೆ ಕಲ್ಲು ಪುಡಿ ಮಾಡುವ ಕಡೆ ಧೂಳು ಸಿಕ್ಕಿತು.

ಅಂದಿನಿಂದ ರಜೆ ಬೇಕಾದವರು ತಮಗಿಂತ ಕೀಳಾದ, ಆದರೆ ತೀರಾ ಕೀಳಲ್ಲದ ಮನುಷ್ಯನನ್ನು ಹುಡುಕತೊಡಗಿದರು. ಅಂಥ ಮನುಷ್ಯರು ಇಲ್ಲವೆಂದಲ್ಲ, ಅವರಿಗೆಲ್ಲ ಆಗಲೇ ಬೇರೆಬೇರೆ ಕಡೆ ಖಾಯಂ ನೌಕರಿ ಇರುತ್ತದೆ. ಹಾಗಾಗಿ ಯಾರೂ ರಜೆ ಹಾಕದಾದರು. ನಮ್ಮ ಕಾರ್ಮಿಕರಿಗೆ ಕೆಲಸದ ಮೇಲೆ ಬಹಳ ಪ್ರೀತಿ ಎಂದು ವೀರೇಶ್ ಮೇಲಿನವರಿಗೆ ವರದಿ ಕಳಿಸಿದ. ಅವನಿಗೊಂದು ಶಾಲು ಬಂತು.

ಸುಂಕಮ್ಮನ ಕಷ್ಟ ಎಲ್ಲರಿಗಿಂತ ದೊಡ್ಡದು. ಅವಳ ಬದಲಿಗೆ ರುಚಿಯ ಪರೀಕ್ಷೆ. ಅವಳು ತಂಗಿಯನ್ನು ತಂದಳು, ಓರಗಿತ್ತಿಯನ್ನು ತಂದಳು, ಮದುವೆ ಮನೆಗಳಲ್ಲಿ ಅಡಿಗೆ ಮಾಡುವ ಹೆಂಗಸನ್ನೂ ತಂದಳು. ವೀರೇಶ್ ಅಡಿಗೆಮನೆಯ ಬಾಗಿಲಲ್ಲಿ ಬೂಟು ಬಿಚ್ಚದೆ ನಿಲ್ಲುವನು, ಬೋಗುಣಿಯಲ್ಲಿ ಕೊಟ್ಟ ಸಾರನ್ನು ಒಮ್ಮೆ ಅಲುಗಾಡಿಸುವನು, ಬಾಯಿಗೆ ಇಡದೆಯೇ ‘ಆಗಂಗಿಲ್ಲ’ ಎಂದು ಬೋಗುಣಿ ವಾಪಸು ಕೊಡುವನು. ಸಾಹೇಬರು ಕೊಡಲೊಲ್ಲದ ರಜೆಗೆ ಒಂದು ಗುಣವಿತ್ತು. ಅದು ಸಾಯುತ್ತಿರಲಿಲ್ಲ, ಮುಂದಿನ ವರ್ಷಕ್ಕೆ ಹೋಗಿ ಕೂರುತ್ತಿತ್ತು. ಹೀಗೆ ಸುಂಕಮ್ಮನ ಹೆಸರಲ್ಲಿ, ಒಂದು ದಿನವೂ ಅನುಭವಿಸದ, ತಿಂಗಳುಗಟ್ಟಲೆ ರಜೆ ಗುಡ್ಡೆ ಬಿದ್ದಿತ್ತು.

ಅಷ್ಟಾದರೂ ಅವಳು ಸುಮ್ಮನಿದ್ದಳು. ಯುದ್ಧ ಶುರುವಾದದ್ದು ಮಗಳ ಕುಬಸದ ದಿನ.

ಒಬ್ಬಳೇ ಮಗಳು ಪಂಪಾವತಿಯನ್ನು ಕಂಪ್ಲಿಗೆ ಕೊಟ್ಟಿತ್ತು. ಏಳು ತಿಂಗಳಿಗೆ ತವರಿನವರು ಸೀರೆ, ಬಳೆ, ಬುತ್ತಿ ಹೊತ್ತು ಹೋಗಿ ಬಸುರಿಗೆ ಉಡಿ ತುಂಬಬೇಕು. ಹೆತ್ತ ತಾಯಿ ಮುಂದೆ ನಿಲ್ಲಬೇಕು. ಸುಂಕಮ್ಮ ಬೆಳಗಿನ ಜಾವವೇ ಓರಗಿತ್ತಿಯನ್ನು ಕ್ಯಾಂಟೀನಿಗೆ ಕರೆತಂದು, ಸಾರು ಮಾಡಿಸಿ, ಹೊಸ ಸೀರೆ ಚೀಲದಲ್ಲಿಟ್ಟುಕೊಂಡು ಕಾದಳು. ವೀರೇಶ್ ಬೋಗುಣಿ ಅಲುಗಾಡಿಸಿದ.

‘ಆಗಂಗಿಲ್ಲಮ್ಮ.’

‘ಸರ್, ಒಂದೇ ದಿನ. ಹಡದಾಕಿ ನಾನು. ನಾ ಇಲ್ಲದ ಹೆಂಗ ಉಡಿ ತುಂಬ್ತಾರ.’

‘ಉಡಿ ತುಂಬಾಕ ಬದಲಿ ಕಳಸು. ಅಲ್ಲಿ ಯಾರೂ ಪರೀಕ್ಷೆ ಮಾಡಂಗಿಲ್ಲ’ ಎಂದು ಅವನು ತನ್ನ ಮಾತಿಗೆ ತಾನೇ ನಕ್ಕು ಹೋದ.

ಕಂಪ್ಲಿಗೆ ಬುತ್ತಿ ಹೋಯಿತು, ತಾಯಪ್ಪ ಹೋದ, ಓರಗಿತ್ತಿ ಹೋದಳು. ಅಲ್ಲಿ ಬೀಗತಿ ಹಂಪಮ್ಮ ಹೊಸಿಲಲ್ಲೇ ನಿಂತು ಬಂದವರನ್ನು ಒಬ್ಬೊಬ್ಬರನ್ನಾಗಿ ನೋಡಿ, ಹಿಂದೆ ಇನ್ನಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಿ, ನೆರೆದ ಹೆಂಗಸರಿಗೆಲ್ಲ ಕೇಳಿಸುವಂತೆ ಹೇಳಿದಳು: ‘ಹಡದಾಕಿಗೆ ಕಾರ್ಖಾನಿ ಸಾರು ದೊಡ್ಡದಾತು ಬಿಡ್ರಿ. ಬಾಣಂತನಾನೂ ನಾವ ಇಲ್ಲೇ ಮಾಡ್ಕಂತೀವಿ. ಕಳಿಸಿದ್ರ ನಮ್ಮ ಹುಡುಗಿಗೆ ಅಲ್ಲಿ ನೀರು ಕಾಯಿಸೋರು ಯಾರು, ತಾಯಪ್ಪಣ್ಣನಾ?’

ಚೊಚ್ಚಲ ಬಾಣಂತನ ತವರಿನಲ್ಲಾಗದಿದ್ದರೆ ಆ ತವರಿನ ಮೇಲೆ ಮಣ್ಣು ಬಿದ್ದ ಹಾಗೆ. ಈ ಮಾತು ಪಾಪಿನಾಯಕನಹಳ್ಳಿಗೆ ಬಂದು ಮುಟ್ಟಿದಾಗ ಸುಂಕಮ್ಮ ಮಿರ್ಚಿಗೆ ಹಸಿಮೆಣಸಿನಕಾಯಿ ಸೀಳುತ್ತಿದ್ದಳು. ಪುರಾಣದ ಹೆಂಗಸಾದರೆ ಮುಡಿ ಬಿಚ್ಚಿ ಶಪಥ ಮಾಡುತ್ತಿದ್ದಳು. ಸುಂಕಮ್ಮನ ಮುಡಿಯ ಮೇಲೆ ಕ್ಯಾಂಟೀನಿನ ಟೋಪಿ ಇತ್ತು. ಅದಕ್ಕೆ ಅವಳು ಕೈಯಲ್ಲಿದ್ದ ಮೆಣಸಿನಕಾಯಿ ಮೇಲೇ ಆಣೆ ಇಟ್ಟಳು. ಮಗಳು ಹೆರುವುದು ನನ್ನ ಮನೆಯಲ್ಲಿ. ಕೂಸಿಗೆ ನೀರೆರೆಯುವುದು ನನ್ನ ಕೈ. ಗುಡ್ಡೆ ಬಿದ್ದ ರಜೆಯಲ್ಲಿ ಒಂದು ದಿನವನ್ನೂ ಬಿಡುವುದಿಲ್ಲ. ಮತ್ತು ಆ ವೀರೇಶ ಬಂದು ನನ್ನ ಬಾಗಿಲಲ್ಲಿ ಕೈ ಮುಗಿಯಬೇಕು.

ದೊಡ್ಡ ಸೇಡಿಗೆ ಸಮಯ ಬೇಕು. ಅಲ್ಲಿಯ ತನಕ ಸಣ್ಣ ಸೇಡುಗಳಿಂದ ಕೈ ಬಿಸಿ ಇಟ್ಟುಕೊಂಡಳು. ಆಫೀಸರರ ಟೇಬಲಿಗೆ ಹೋಗುವ ಸಾರು ಯಾವಾಗಲೂ ಕೊಪ್ಪರಿಗೆಯ ಮೇಲಿನ ತಿಳಿ, ಬೇಳೆ ಯಾವಾಗಲೂ ತಳದಲ್ಲಿ ಕೊಟ್ರಯ್ಯನಂಥವರಿಗೆ. ಬುಟ್ಟಿಯಲ್ಲಿದ್ದ ಮೆಣಸಿನಕಾಯಿಗಳನ್ನು ಒಂದೊಂದಾಗಿ ನಾಲಿಗೆ ತುದಿಗೆ ತಾಗಿಸಿ, ಕಣ್ಣಲ್ಲಿ ನೀರು ತರಿಸಿದ್ದನ್ನೇ ಆರಿಸಿ, ಕಡ್ಲೆಹಿಟ್ಟಿನ ದಪ್ಪ ಅಂಗಿ ತೊಡಿಸಿ ಸಾಹೇಬರ ತಟ್ಟೆಗೆ ಕಳಿಸಿದಳು. ಗಾಜಿನ ಆಚೆಯಿಂದ ಬಿಕ್ಕಳಿಕೆ ಕೇಳಿದ ದಿನ ಅವಳ ಕೈಯಲ್ಲಿ ರೊಟ್ಟಿ ಚಂದ್ರನ ಹಾಗೆ ದುಂಡಗಾಗುತ್ತಿತ್ತು.

ದೊಡ್ಡ ಆಯುಧ ಸಿಕ್ಕಿದ್ದು, ತಕ್ಕ ಹಾಗೆ, ಆಯುಧಪೂಜೆಯ ದಿನ. ಅಂದು ಕಾರ್ಖಾನೆಗೆ ಎಲ್ಲರ ಮನೆಯವರೂ ಬರುತ್ತಾರೆ. ಯಂತ್ರಗಳಿಗೆ ಚೆಂಡುಹೂವು, ಲಾರಿಗಳಿಗೆ ಬಾಳೆಕಂಬ, ಎಲ್ಲರಿಗೂ ಊಟ. ವೀರೇಶನ ಹೆಂಡತಿ ಶೈಲಜಾ ರೇಷ್ಮೆ ಸೀರೆಯಲ್ಲಿ ಮ್ಯಾನೇಜರರ ಹೆಂಡತಿಯ ಪಕ್ಕ ಕುಳಿತಿದ್ದಳು. ವೀರೇಶನ ತಾಯಿ ಅನ್ನಪೂರ್ಣಮ್ಮನ ಕುರ್ಚಿ ಮಾತ್ರ ಖಾಲಿ. ಆಕೆ ಸೆರಗು ಸಿಕ್ಕಿಸಿಕೊಂಡು ಅಡಿಗೆಮನೆಯಲ್ಲಿ ನಿಂತಿದ್ದರು.

‘ಇದೇನವಾ, ಬದನಿಕಾಯಿಗೆ ಗುರೆಳ್ಳು ಹಾಕಿಲ್ಲ?’

ಆಫೀಸರರ ತಾಯಿ ಎಂದು ಗೊತ್ತಿದ್ದ ಸುಂಕಮ್ಮ ಹಲ್ಲು ಕಚ್ಚಿದಳು. ‘ಕಂಪನಿ ಕೊಡಂಗಿಲ್ರಿ ಅಮ್ಮಾರ.’

‘ಕೊಡ್ಲಿಲ್ಲ ಅಂದ್ರ ಬೈದು ತಗಾಬೇಕು. ಸರಿ ಆಕಡೆ, ರೊಟ್ಟಿ ನಾ ಬಡೀತೀನಿ. ಕೈ ತುರಸಾಕತ್ಯಾವ.’

ರೊಟ್ಟಿ ಬಡಿಯುತ್ತ ಆಕೆ ತಮ್ಮ ಕತೆ ಹೇಳಿದರು. ಕಂಪ್ಲಿಯ ಅಕ್ಕಿ ಗಿರಣಿಗಳ ಸಾಲಿನಲ್ಲಿ ಅವರದೊಂದು ಖಾನಾವಳಿ ಇತ್ತು. ಹಮಾಲರು, ಲಾರಿಯವರು, ದಲ್ಲಾಳಿಗಳು ಎಲ್ಲ ಅಲ್ಲೇ ಉಂಡು ಬೆಳೆದವರು. ಆ ರೊಟ್ಟಿಯ ಮೇಲೇ ವೀರೇಶ ಓದಿದ. ಆಫೀಸರನಾದ ಮೇಲೆ ಅವನಿಗೆ ಖಾನಾವಳಿ ಎಂಬ ಶಬ್ದ ಬಾಯಲ್ಲಿ ಕಲ್ಲು ಸಿಕ್ಕ ಹಾಗೆ ಆಗತೊಡಗಿತು. ಅದನ್ನು ಮುಚ್ಚಿಸಿ ತಾಯಿಯನ್ನು ಹೊಸಪೇಟೆಯ ಮನೆಗೆ ಕರೆತಂದು, ಮೆತ್ತನೆಯ ಸೋಫಾದ ಮೇಲೆ ಕೂರಿಸಿ, ಅವ್ವಾ ಇನ್ನ ಮ್ಯಾಲ ನಿನಗ ರಜಾ ಎಂದ.

‘ಬದಲಿ ಇಲ್ಲದ ರಜಾ ನೋಡವಾ ನನ್ನದು’ ಎಂದರು ಅನ್ನಪೂರ್ಣಮ್ಮ. ‘ಒಲಿ ಮುಂದ ಹೋದ್ರ ಸೊಸಿ, ಅತ್ತೀ ರೆಸ್ಟ್ ತಗಾರಿ ಅಂತಾಳ. ಟೀವಿ ಮುಂದ ಕುಂದ್ರಿಸಿ ಕುಂದ್ರಿಸಿ ನನ್ನ ಸೊಂಟ ಹಿಡಿಸ್ಯಾರ. ಆ ನನ್ನ ಮಗ ಈರ್ಯಾನ ಕಿವಿ ಹಿಂಡಬೇಕು ಒಂದಿನ.’

ಕೊಪ್ಪರಿಗೆಯ ಆವಿಯಲ್ಲಿ ಸುಂಕಮ್ಮನ ಮುಖ ಬೆಳಗಿತು. ಅವಳು ಸೌಟು ಕೆಳಗಿಟ್ಟು, ಗುರೆಳ್ಳಿನ ಮಾತು ಮರೆತು, ತನ್ನ ಕುಬಸದ ಕತೆ ಹೇಳಿದಳು. ಉಡಿ ತುಂಬಲು ಬದಲಿ ಕಳಿಸು ಎಂಬ ಮಾತು ಬಂದಾಗ ಅನ್ನಪೂರ್ಣಮ್ಮನ ಕೈಯಲ್ಲಿದ್ದ ರೊಟ್ಟಿ ನಡುವೆ ಹರಿಯಿತು.

‘ಹಂಗಂದನಾ ನನ್ನ ಮಗ?’

‘ಅಂದು ನಕ್ಕಾರ ಬ್ಯಾರೆ.’

‘ಪಂಪಾವತಿಗೆ ದಿನ ಯಾವಾಗ ತುಂಬ್ತಾವ?’ ಎಂದಷ್ಟೇ ಆಕೆ ಕೇಳಿದರು. ಎರಡು ಸೈನ್ಯಗಳು ಹೀಗೆ ಒಂದಾದವು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅನ್ನಪೂರ್ಣಮ್ಮ ಸೊಸೆಗೆ ಜಂಬುನಾಥನ ಗುಡ್ಡಕ್ಕೆ ಹೋಗಿ ಬರ್ತೀನಿ ಎಂದು ಹೇಳಿ ಹೊರಟರು. ಬಸ್ಸು ಮಾತ್ರ ಬೇರೆ ಕಡೆಯದು ಹತ್ತಿದರು. ಸುಂಕಮ್ಮ ರಜೆಯ ಅರ್ಜಿ ಕೊಟ್ಟಳು. ಗುಡ್ಡೆ ಬಿದ್ದದ್ದನ್ನೆಲ್ಲ ಒಂದೇ ಸಲಕ್ಕೆ ಕೇಳಿದ್ದ ಆ ಅರ್ಜಿ ನೋಡಿ ವೀರೇಶನಿಗೆ ನಗು ಬಂತು. ಈ ತಮಾಷೆ ಎಲ್ಲರೂ ನೋಡಲಿ ಎಂದು ಅವನು ಪರೀಕ್ಷೆಯನ್ನು ಊಟದ ಹೊತ್ತಿಗೇ ಇಟ್ಟ. ತಟ್ಟೆ ಹಿಡಿದು ಸಾಲಾಗಿ ನಿಂತಿದ್ದ ಕೆಂಪು ಮುಖಗಳ ಮುಂದೆ ಅವನು ಬಾಗಿಲಿಗೆ ಬಂದು ನಿಂತ. ಬೂಟು ಕಾಲಲ್ಲೇ ಇತ್ತು.

ಸುಂಕಮ್ಮ ಬೋಗುಣಿ ಕೊಟ್ಟಳು. ಅವಳ ಇಡೀ ಯುದ್ಧತಂತ್ರ ನಿಂತಿದ್ದದ್ದು ಒಂದೇ ನಂಬಿಕೆಯ ಮೇಲೆ, ಈತ ಬಾಯಿಗೆ ಇಡುವುದಿಲ್ಲ ಎಂಬುದರ ಮೇಲೆ. ಒಂದು ಗುಟುಕು ಕುಡಿದಿದ್ದರೂ ಹುಟ್ಟಿದಂದಿನಿಂದ ಉಂಡ ಸಾರಿನ ಗುರುತು ಅವನಿಗೆ ಸಿಕ್ಕುಬಿಡುತ್ತಿತ್ತು.

ಅವನು ಅಲುಗಾಡಿಸಿದ.

‘ಇದನ್ನ ಸಾರು ಅಂತಾರೇನಮ್ಮ? ದನಕ್ಕ ಇಟ್ರ ಮೂಸಂಗಿಲ್ಲ. ಯಾರಿದ್ದಾರ ಒಳಗ, ಯಾವ ಊರಾಕಿ? ಸಾರು ಮಾಡಾಕ ಅವರವ್ವ ಕಲಿಸಿಲ್ಲೇನು ಕೇಳು.’

ಒಲೆಯ ಹಿಂದಿನಿಂದ ದನಿ ಬಂತು. ‘ಕಲಿಸ್ಯಾಳಪ್ಪ. ನಾನೂ ನನ್ನ ಮಗಗ ಕಲಿಸಿದ್ದೆ, ಉಣ್ಣೋ ಅನ್ನಕ್ಕ ಹೆಸರಿಡಬ್ಯಾಡ ಅಂತ. ಅಂವ ಕಲೀಲಿಲ್ಲ.’

ಹೊಗೆಯಿಂದ ಅನ್ನಪೂರ್ಣಮ್ಮ ಹೊರಬಂದರು. ತಲೆ ತುಂಬ ಸೆರಗು, ಕೈಯಲ್ಲಿ ಸುಂಕಮ್ಮನ ಸೌಟು. ಸಾಲಿನಲ್ಲಿ ನಿಂತವರ ಬಿಳಿ ಹಲ್ಲುಗಳು ಒಂದೊಂದಾಗಿ ಕಾಣತೊಡಗಿದವು.

‘ಅವ್ವಾ, ನೀ ಇಲ್ಲಿ...’

‘ದನಕ್ಕ ಆಮ್ಯಾಲ ಇಡೋಣಂತ. ಮೊದಲು ನೀ ಕುಡಿ. ಬೂಟು ಬಿಚ್ಚು. ಕುಂದ್ರು. ಬಾಯಿಗೇ ಇಡಲಿಲ್ಲಲ್ಲೋ ಈರ್ಯಾ.’

ಗುಡ್ಡದಯ್ಯ ಮಿನರಲ್ಸಿನ ವೆಲ್‌ಫೇರ್ ಆಫೀಸರ್ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಬೋಗುಣಿ ಖಾಲಿ ಮಾಡಿದ. ಅವನು ಕಡೆಯ ಗುಟುಕು ನುಂಗಿದ ಮೇಲೆ ಕೊಟ್ರಯ್ಯ ಬಹಳ ವಿನಯದಿಂದ ಕೇಳಿದ:

‘ಸರ್, ಬದಲಿ ಪಾಸೋ ಫೇಲೋ?’

ಫೇಲು ಎಂದರೆ ಸೌಟು ಹತ್ತಿರದಲ್ಲೇ ಇತ್ತು. ಪಾಸು ಎಂದರೆ ಬೋರ್ಡಿನ ಆಜ್ಞೆ ಅದಕ್ಕಿಂತ ಹತ್ತಿರದಲ್ಲಿತ್ತು. ಅವನು ಪಾಸು ಎಂದ. ಸುಂಕಮ್ಮ ತಲೆಯ ಟೋಪಿ ತೆಗೆದು ಅನ್ನಪೂರ್ಣಮ್ಮನಿಗೆ ಕೊಟ್ಟು, ಅಂದೇ ಮಧ್ಯಾಹ್ನ ಕಂಪ್ಲಿಯ ಬಸ್ಸು ಹತ್ತಿದಳು.

‘ರಜಾ ತಂದೀನಿ ಬೀಗ್ತೀ. ಮಗಳನ್ನ ಕಳಸ್ರಿ’ ಎಂದಳು, ಹಂಪಮ್ಮನ ಪಡಸಾಲೆಯಲ್ಲಿ ನೀರನ್ನೂ ಮುಟ್ಟದೆ.

‘ಎಷ್ಟೊತ್ತಿನ ತನಕ ತಂದೀರಿ? ಸಂಜಿ ಸಾರಿಗೆ ತಿರಗಿ ಹೋಗಬೇಕೇನು?’

‘ಕೂಸು ನಿಮ್ಮನ್ನ ನೋಡಿ ನಗೋ ತನಕ ಐತ್ರಿ. ನಿಮ್ಮನ್ನ ನೋಡಿ ನಗಾಕ ಭಾಳ ದಿನ ಬೇಕಾಗ್ತಾವ, ಗೊತ್ತೈತಿ. ಅಷ್ಟೂ ತಂದೀನಿ.’

ಹಂಪಮ್ಮ ಸೊಸೆಯ ಸೀರೆ ಚೀಲ ಕಟ್ಟಲು ಒಳಗೆ ಹೋದಳು. ಪಂಪಾವತಿ ತವರಿಗೆ ಬಂದಳು, ದಿನ ತುಂಬಿ ಹೆಣ್ಣು ಕೂಸನ್ನು ಹೆತ್ತಳು. ಸುಂಕಮ್ಮ ಅಂಟಿನುಂಡಿ ಕಟ್ಟಿದಳು, ಖಾರ ಕುಟ್ಟಿದಳು, ಕೂಸಿಗೆ ಎಣ್ಣೆ ತಿಕ್ಕಿ ಕಾಲ ಮೇಲೆ ಹಾಕಿಕೊಂಡು ಎರೆದಳು. ಜೀವಮಾನದಲ್ಲಿ ಮೊದಲ ಸಲ ಅವಳ ಅಡಿಗೆಯನ್ನು ತೂಕದಿಂದ ಅಳೆಯುವವರು ಯಾರೂ ಇರಲಿಲ್ಲ.

ಅತ್ತ ಕಾರ್ಖಾನೆಯಲ್ಲಿ ರಾಜ್ಯ ಬದಲಾಗಿತ್ತು. ಆ ಸುದ್ದಿಗಳನ್ನು ತರುತ್ತಿದ್ದವನು ಕೊಟ್ರಯ್ಯ, ಅವನ ಮನೆಯೂ ಅದೇ ಓಣಿಯಲ್ಲಿ. ಸಂಜೆ ಬಂದು ಕಟ್ಟೆಯ ಮೇಲೆ ಕುಳಿತು ಯುದ್ಧಭೂಮಿಯ ವರದಿ ಒಪ್ಪಿಸುತ್ತಿದ್ದ.

‘ಆಫೀಸರ್ ಟೇಬಲ್ ತಗದು ಒಗದಾರಕ್ಕ. ಎಲ್ಲಾರೂ ಒಂದ ಪಂಕ್ತಿ. ಅಮ್ಮಾರು ಸೌಟು ಹಿಡಕಂಡು ಹಿಂದ ನಿಲ್ತಾರ. ಈರ್ಯಾಗ ಸಣ್ಣಾಂವಿದ್ದಾಗಿಂದ ಬದನಿಕಾಯಿ ಅಂದ್ರ ಅಂಜಿಕಿ, ರೊಟ್ಟಿ ಕೆಳಗ ಮುಚ್ಚಿಡ್ತಾನ, ನೋಡ್ರೆಪ ಅಂತ ಎಲ್ಲಾರಿಗೂ ಹೇಳ್ಯಾರ. ಈಗ ಲಾರಿ ಕ್ಲೀನರ್‌ಗಳೂ ಬಗ್ಗಿ ನೋಡ್ತಾರ, ಸರ್ ಬದನಿಕಾಯಿ ಉಂಡ್ರೇನ್ರಿ ಅಂತ.’

ಸುಂಕಮ್ಮ ಕೂಸಿನ ತೊಟ್ಟಿಲು ತೂಗುತ್ತ ಕಣ್ಣು ಮುಚ್ಚಿ ಕೇಳಿದಳು. ‘ಇನ್ನೊಮ್ಮೆ ಹೇಳು. ಎಲ್ಲಿ ಮುಚ್ಚಿಡ್ತಾನ?’

ಅವನು ಇನ್ನೊಮ್ಮೆ ಹೇಳಿದ. ಆಮೇಲಿನ ಸುದ್ದಿ ಇನ್ನೂ ಸಿಹಿ. ಅನ್ನಪೂರ್ಣಮ್ಮ ಬಡಿಸುವಾಗ ಒಬ್ಬೊಬ್ಬರನ್ನೇ, ನೀ ಮನಿಗೆ ಹೋಗಿ ಎಷ್ಟ ದಿನ ಆತಪ್ಪ ಎಂದು ಕೇಳುತ್ತಿದ್ದರು. ಉತ್ತರ ಕೇಳಿದೊಡನೆ ಪಂಕ್ತಿಯ ತುದಿಗೆ ತಿರುಗಿ ಲೇ ಈರ್ಯಾ, ಇವನ ರಜಾ ಯಾಕ ಹಿಡದೀಯೋ ಎನ್ನುತ್ತಿದ್ದರು. ಬಾಯಲ್ಲಿ ತುತ್ತಿದ್ದ ವೀರೇಶ ತಲೆಯಾಡಿಸುತ್ತಿದ್ದ. ತಲೆಯಾಡಿದ್ದಕ್ಕೆ ಇಡೀ ಪಂಕ್ತಿಯೇ ಸಾಕ್ಷಿ. ಯಲ್ಲೇಶನಂಥವರೂ ಬದಲಿ ತರದೆಯೇ ರಜೆ ಹಾಕಿ ಹೋಗತೊಡಗಿದರು. ಕೆಲವು ಯಂತ್ರಗಳು ನಿಂತವು. ಮ್ಯಾನೇಜರರು ವೀರೇಶನನ್ನು ಕರೆದು ಬಾಗಿಲು ಹಾಕಿಕೊಂಡು ಮಾತಾಡಿದರಂತೆ.

ಇದೆಲ್ಲ ಅಮೃತವೇ. ಆದರೆ ಒಂದು ಸಂಜೆ ಕೊಟ್ರಯ್ಯ ಏಳುವಾಗ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ತುಟಿ ಸವರಿಕೊಂಡು ಹೇಳಿದ. ‘ಏನ ಅನ್ನು ಅಕ್ಕ, ಅಮ್ಮಾರ ಶೇಂಗಾ ಹಿಂಡಿ ಮಾತ್ರ ಮಸ್ತ್. ಹುಡುಗ್ರು ಇಂಥಾ ಸಾರು ಈ ಕ್ಯಾಂಟೀನಿನಾಗ ಯಾವತ್ತೂ ಉಂಡಿಲ್ಲ ಅಂತಾರ.’

ಅಂದು ಸುಂಕಮ್ಮನ ಎದೆಗೆ ಬಾಣ ಬಿತ್ತು. ಅವಳು ತಂದ ಬದಲಿ ಎರಡನೇ ತುದಿಯಿಂದ ಕಚ್ಚಿತ್ತು. ವೀರೇಶನ ಆಜ್ಞೆಗಿಂತ ಮೊದಲೂ, ಎಲ್ಲ ಆಜ್ಞೆಗಳಿಗಿಂತ ಮೊದಲೂ, ದುಡಿಯುವವರನ್ನು ರಜೆಯ ದಿನ ಮನೆಯ ಬಾಗಿಲಲ್ಲಿ ಹಿಡಿದು ನಿಲ್ಲಿಸುವ ಅಂಜಿಕೆ ಇದೊಂದೇ. ನಾನಿಲ್ಲದಿದ್ದರೆ ಅಲ್ಲಿ ಎಲ್ಲ ಕೆಟ್ಟುಹೋಗುತ್ತದೆ ಎಂಬುದಲ್ಲ, ಏನೂ ಕೆಡದಿದ್ದರೆ ಏನು ಗತಿ ಎಂಬುದು. ಮರುದಿನ ಅವಳು ಖಾರ ಕುಟ್ಟುತ್ತ ಕುಟ್ಟುತ್ತ ಒನಕೆ ನಿಲ್ಲಿಸಿ, ‘ಪಂಪೀ, ಇನ್ನು ನೀನ ಎರಕಂತೀಯೇನ ಕೂಸಿಗೆ?’ ಎಂದು ಕೇಳಿದಳು.

ಪಂಪಾವತಿ ತಾಯಿಯನ್ನು ದಿಟ್ಟಿಸಿದಳು. ‘ಯಾಕ ಯವ್ವಾ. ನಮ್ಮತ್ತಿ ಹೇಳಿದ್ದ ಖರೇನಾ? ನಿನಗ ಸಾರ ದೊಡ್ಡದಾ?’

ಸುಂಕಮ್ಮ ಮತ್ತೆ ಒನಕೆ ಎತ್ತಿದಳು. ಖಾರ ಅಂದು ಪುಡಿಗಿಂತ ಪುಡಿಯಾಯಿತು.

ವೀರೇಶ ಬಂದದ್ದು ಆ ವಾರವೇ. ಬಿಸಿಲೇರಿದ ಹೊತ್ತು, ಅಂಗಳದಲ್ಲಿ ಸುಂಕಮ್ಮ ಮಣೆಯ ಮೇಲೆ ಕುಳಿತು, ಕಾಲು ನೀಡಿ, ಅದರ ಮೇಲೆ ಎಣ್ಣೆ ಹಚ್ಚಿದ ಕೂಸನ್ನು ಬೋರಲು ಹಾಕಿಕೊಂಡಿದ್ದಳು. ಪಕ್ಕದಲ್ಲಿ ಹಂಡೆ ಹೊಗೆಯಾಡುತ್ತಿತ್ತು. ಕಾರು ಓಣಿಯ ಬಾಯಲ್ಲಿ ನಿಂತಿತು. ಆಫೀಸರ್ ಚರಂಡಿ ದಾಟಿ, ಕೋಳಿಗಳನ್ನು ದಾಟಿ, ಬಾಗಿಲಲ್ಲಿ ಬೂಟು ಬಿಚ್ಚಿದ.

‘ಆರಾಮದೀರೇನ್ರಿ ಸುಂಕಮ್ಮಾರ?’

ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳ ಹೆಸರಿಗೆ ಅವನ ಬಾಯಲ್ಲಿ ಬಾಲ ಬೆಳೆದಿತ್ತು. ‘ಬರ್ರಿ ಸರ್. ಕುಂದ್ರಿ. ಕಟ್ಟಿ ಮ್ಯಾಗ ಧೂಳೈತಿ ನೋಡ್ಕಂಡು ಕುಂದ್ರಿ.’

ಅವನು ಕೂರಲಿಲ್ಲ. ಎರಡೂ ಕೈ ಜೋಡಿಸಿದ. ಸುಂಕಮ್ಮ ಅದನ್ನು ಚೆನ್ನಾಗಿ ನೋಡಿ ಮುಗಿಯುವ ತನಕ ಚಂಬು ಎತ್ತಲಿಲ್ಲ.

‘ಜಲ್ದಿ ಕೆಲಸಕ್ಕ ಬರ್ರೆಮ್ಮ. ಕೈ ಮುಗೀತೀನಿ. ನಮ್ಮವ್ವನ್ನ ನೀವು ಹೇಳಿ ಮನಿಗೆ ಕಳಸ್ರಿ. ನಾ ಹೇಳಿದ್ರ ಬೋರ್ಡ್ ತೋರಸ್ತಾಳ, ಹಚ್ಚಿದ ಬದಲಿ ಬಿಡಿಸಂಗಿಲ್ಲ ಅಂತ ನೀನ ಬರದೀಯಲ್ಲೋ ಅಂತಾಳ.’

‘ಬರ್ತಿದ್ದೆ ಸರ್’ ಎಂದಳು ಸುಂಕಮ್ಮ. ನೀರು ಹದವಾಗಿ ಕೂಸಿನ ಬೆನ್ನ ಮೇಲೆ ಬಿತ್ತು. ‘ಆದ್ರ ಇಲ್ಲಿ ನನ್ನ ಜಾಗಕ್ಕ ಬದಲಿ ಬೇಕಲ್ಲ. ನೀವೊಬ್ರನ್ನ ತಂದು ಹಚ್ರಿ, ನಾ ಈಗ ಬರ್ತೀನಿ.’

‘ಬದಲಿ ಅಂದ್ರ, ಯಾರನ್ನ?’

‘ಅಜ್ಜಿ ಬದಲಿಗೆ ಅಜ್ಜಿ. ಎರಿಯಾಕ ಬರಬೇಕು, ಖಾರ ಕುಟ್ಟಬೇಕು, ಕೂಸು ಅತ್ರ ಯಾಕ ಅಳತೈತಿ ಗೊತ್ತಾಗಬೇಕು. ಮೊದಲ ಪರೀಕ್ಷೆ ಮಾಡ್ತೀನಿ. ಪಾಸಾದ್ರ ಹಚ್ಚೋಣಂತ. ನಿಮ್ಮವ್ವಾರಾದ್ರ ಪಾಸಾಗ್ತಿದ್ರು, ಏನ ಮಾಡೋದು, ಅವರೀಗ ಡ್ಯೂಟಿ ಮ್ಯಾಗ ಅದಾರ.’

ಒಳಗಿನಿಂದ ಪಂಪಾವತಿ ಕೆಮ್ಮು ತಡೆದ ಹಾಗೆ ಒಂದು ಸದ್ದು ಬಂತು. ವೀರೇಶ ಕೋಳಿಗಳ ಕಡೆ ನೋಡಿದ, ಹಂಡೆಯ ಕಡೆ ನೋಡಿದ. ಮುಗಿದ ಕೈ ಬಿಡಿಸಿ ತನ್ನ ಹಳೆಯ ಆಯುಧವನ್ನು ಹೊರತೆಗೆದ.

‘ನೋಡಮ್ಮ, ಒಂದ ಮಾತು ಹೇಳ್ತೀನಿ. ಹಿಂಗ ಮಾಡಿದ್ರ ನಿನ್ನ ಜಾಗ ಉಳಿಯಂಗಿಲ್ಲ. ನಿನ್ನ ಹೆಸರು ತಗಿಯೋರು ಒಬ್ರಿಲ್ಲ ಅಲ್ಲಿ. ಎಲ್ಲಾರೂ ನಮ್ಮವ್ವನ ಸಾರ ಚೊಲೋ ಅಂತಾರ.’

ಚಂಬು ಗಾಳಿಯಲ್ಲಿ ನಿಂತಿತು. ಕೂಸು ಅತ್ತಿತು. ಏಟು ಸರಿಯಾದ ಜಾಗಕ್ಕೇ ಬಿದ್ದದ್ದು ಅವನಿಗೂ ತಿಳಿಯಿತು, ಅವನ ಮುಖದಲ್ಲಿ ಸ್ವಲ್ಪ ಬಣ್ಣ ಬಂತು. ಸುಂಕಮ್ಮ ಕೂಸಿನ ಬೆನ್ನ ಮೇಲೆ ಅಂಗೈ ಇಟ್ಟುಕೊಂಡಳು. ಆಮೇಲೆ ತಲೆ ಎತ್ತಿದಳು.

‘ಅಷ್ಟು ಚೊಲೋ ಐತಂದ್ರ, ಮತ್ತ ನೀವ್ಯಾಕ ಬಂದ್ರಿ ಸರ್?’

ಉತ್ತರಕ್ಕಾಗಿ ಅವನು ಬಾಯಿ ತೆರೆದ. ಅದು ತೆರೆದೇ ಇತ್ತು. ನೀರು ಬಿತ್ತು, ಕೂಸು ಅಳು ನಿಲ್ಲಿಸಿತು, ಓಣಿಯ ನಾಲ್ಕು ಹೆಂಗಸರು ಕೊಡ ಹಿಡಿದುಕೊಂಡು ನಿಂತು ಆ ತೆರೆದ ಬಾಯನ್ನು ನೋಡಿದರು. ಅವನು ಬೂಟು ಕೈಯಲ್ಲಿ ಹಿಡಿದುಕೊಂಡೇ ಕಾರಿನವರೆಗೆ ನಡೆದ.

ಮರುದಿನ ಬೋರ್ಡಿನ ಮೇಲಿನ ಆಜ್ಞೆ ಇಳಿಯಿತು. ಕ್ಯಾಂಟೀನಿಗೆ ಇನ್ನೊಬ್ಬ ಅಡಿಗೆಯವಳನ್ನು ಕಂಪನಿಯೇ ಹುಡುಕಿಕೊಳ್ಳುವುದೆಂದು ಮ್ಯಾನೇಜರರು ತೀರ್ಮಾನಿಸಿದರು. ಆಜ್ಞೆ ಇಳಿದರೂ ಅನ್ನಪೂರ್ಣಮ್ಮ ಇಳಿಯಲಿಲ್ಲ, ಸುಂಕಮ್ಮ ಬರುವ ತನಕ ಟೋಪಿ ಯಾರಿಗೂ ಕೊಡಂಗಿಲ್ಲ ಎಂದು ಮಗನ ತಟ್ಟೆಗೆ ಎರಡನೇ ಸಲ ಬದನೆಕಾಯಿ ಬಡಿಸಿದರು. ಸುಂಕಮ್ಮನಿಗೆ ಇದೆಲ್ಲ ತಿಳಿಯಿತು. ಆಣೆಯ ಮೂರು ಮಾತುಗಳು ನಡೆದಿದ್ದವು. ಉಳಿದದ್ದು ಒಂದೇ, ರಜೆಯ ಒಂದು ದಿನವನ್ನೂ ಬಿಡುವುದಿಲ್ಲ ಎಂಬುದು.

ಅದು ಸುಲಭವೆಂದು ತೋರುತ್ತಿತ್ತು. ಆದರೆ ಪಂಪಾವತಿಯನ್ನೂ ಕೂಸನ್ನೂ ಕರೆದೊಯ್ಯಲು ಹಂಪಮ್ಮ ಒಳ್ಳೆಯ ದಿನ ನೋಡಿಕೊಂಡು ಬಂದಳು. ಕೂಸು ಅವಳನ್ನು ನೋಡಿ ನಕ್ಕೇಬಿಟ್ಟಿತು, ಎತ್ತಿಕೊಂಡು ಹೋದಳು. ರಜೆ ಇನ್ನೂ ಒಂದು ದಿನ ಉಳಿಯಿತು.

ಆ ದಿನ ಸುಂಕಮ್ಮ ಎಂದಿನಂತೆ ಎದ್ದಳು. ಕಸ ಗುಡಿಸಿದಳು, ಮತ್ತೊಮ್ಮೆ ಗುಡಿಸಿದಳು. ಬಾಣಂತಿ ಇರಲಿಲ್ಲ, ಕುಟ್ಟಲು ಖಾರವಿರಲಿಲ್ಲ, ಖಾಲಿ ತೊಟ್ಟಿಲನ್ನು ಒಂದೆರಡು ಸಲ ತೂಗಿ ನೋಡಿದಳು. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ, ಒಂದರ ಮೇಲೊಂದು ಇಟ್ಟಳು, ಅದಲು ಬದಲು ಮಾಡಿದಳು. ಹಗೆಯ ಕೊನೆಯ ತುತ್ತು ಇಷ್ಟು ಒಣಗಿರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೂ ನುಂಗಲೇಬೇಕಿತ್ತು.

ಕಾರ್ಖಾನೆಯ ಬಸ್ಸು ಓಣಿಯ ಬಾಯಲ್ಲಿ ನಿಂತಿತು. ಕೊಟ್ರಯ್ಯ ಕಿಟಕಿಯಿಂದ ತಲೆ ಹಾಕಿದ.

‘ಮಗಳು ಹೋದಳಂತಲ್ಲಕ್ಕ. ಖಾಲಿ ಕುಂತೀಯಲ್ಲ, ಹತ್ತು ಬಾ. ಇವತ್ತ ಮಿರ್ಚಿ ಐತಿ, ಅಮ್ಮಾರ ಕೈಲಿ ಮಿರ್ಚಿ ಸುಮಾರು ನೋಡು. ನಿನ್ನಂಗ ಆಗಂಗಿಲ್ಲ.’

ಸುಂಕಮ್ಮನ ಒಂದು ಕಾಲು ತಾನಾಗಿಯೇ ಕಟ್ಟೆಯಿಂದ ಕೆಳಗಿಳಿಯಿತು. ಚಪ್ಪಲಿಯನ್ನೂ ಮುಟ್ಟಿತು. ಅವಳು ಅದನ್ನು ಎರಡೂ ಕೈಯಿಂದ ಹಿಡಿದು ಎತ್ತಿ ಮೇಲಿಟ್ಟುಕೊಂಡಳು.

‘ಇವತ್ತ ರಜಾ ಐತಪ್ಪ ನನಗ’ ಎಂದಳು. ‘ಭಾಳ ಕೆಲಸೈತಿ. ನಾಳಿ ಬರ್ತೀನಿ.’

ಬಸ್ಸು ಕೆಂಪು ಧೂಳೆಬ್ಬಿಸಿ ಹೋಯಿತು. ಸುಂಕಮ್ಮ ಬೆನ್ನನ್ನು ಗೋಡೆಗೆ ಕೊಟ್ಟು, ಹಲ್ಲು ಕಚ್ಚಿ, ಸಂಜೆಯ ತನಕ ಕುಳಿತಳು.